ಮೊಳೆ ಹುಡುಕುವ ಗಂಗಕ್ಕ

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೊರಟರೆ ಊರು ಮುಗಿಯುವಲ್ಲಿ ಪಾಲಾಕ್ಷಪ್ಪನವರ ಸಾಮಿಲ್ಲು ಸಿಗುತ್ತದೆ. ಬೋರ್ಡು ಕಾಣುವುದಕ್ಕೆ ಮೊದಲೇ ಗರಗಸದ ಸದ್ದು ಕೇಳುತ್ತದೆ, ಸದ್ದಿಗೂ ಮೊದಲು ಹಸಿ ಮರದ ಹೊಟ್ಟಿನ ವಾಸನೆ ಬರುತ್ತದೆ. ಆ ಮಿಲ್ಲಿನಲ್ಲಿ ಇಪ್ಪತ್ತೈದು ವರ್ಷದಿಂದ ಒಂದು ಕಟ್ಟಳೆ ನಡೆದುಕೊಂಡು ಬಂದಿದೆ. ಯಾರ ಮರವೇ ಆಗಲಿ, ಎಷ್ಟೇ ಅವಸರವಿರಲಿ, ಗಂಗಾಂಬಿಕೆ ದಿಮ್ಮಿಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುವ ತನಕ ಅದು ಗರಗಸದ ಹತ್ತಿರ ಹೋಗಕೂಡದು.

ಆ ಕಟ್ಟಳೆ ಮಾಡಿದವರು ಮಾಲೀಕರಲ್ಲ, ಗಂಗಾಂಬಿಕೆಯೇ.

ಅವಳ ಗಂಡ ದೊಡ್ಡಯ್ಯ ಅಲ್ಲೇ ಗರಗಸದ ಮೇಸ್ತ್ರಿಯಾಗಿದ್ದ. ತೊಂಬತ್ತೇಳನೇ ಇಸವಿಯಲ್ಲಿ ಒಂದು ಸಾಲುಮಾವಿನ ದಿಮ್ಮಿ ಕೊಯ್ಯುತ್ತಿದ್ದಾಗ, ಯಾರೋ ಯಾವ ಕಾಲದಲ್ಲೋ ಹೊಡೆದು ಮರ ನುಂಗಿಕೊಂಡಿದ್ದ ಗೇಣುದ್ದದ ಮೊಳೆಗೆ ಬ್ಲೇಡು ತಗುಲಿತು. ಆಳುದ್ದದ ಉಕ್ಕಿನ ಪಟ್ಟಿ ತುಂಡಾಗಿ ಎಗರಿತು. ದೊಡ್ಡಯ್ಯನ ಬಲಗಣ್ಣು ಹೋಯಿತು, ಬಲಗೈಯ ಮೂರು ಬೆರಳು ಹೋದವು. ಗಂಗಾಂಬಿಕೆಗೆ ಆಗ ಇಪ್ಪತ್ತೇಳು ವರ್ಷ. ಮಗಳು ಮಾನ್ಯ ಇನ್ನೂ ಮಡಿಲಲ್ಲಿದ್ದಳು.

ತಿಂಗಳೆರಡು ಕಳೆದ ಮೇಲೆ ಪಾಲಾಕ್ಷಪ್ಪ ಹಳ್ಳಿಮೈಸೂರಿನ ಅವರ ಮನೆಗೆ ಹಣ್ಣು ಹಿಡಿದುಕೊಂಡು ಬಂದರು. ಕೆಟ್ಟ ಮನುಷ್ಯರಲ್ಲ. ಆಸ್ಪತ್ರೆಯ ಖರ್ಚನ್ನೆಲ್ಲ ಅವರೇ ನೋಡಿಕೊಂಡಿದ್ದರು. ಗಂಗಾಂಬಿಕೆ ಮಿಲ್ಲಿಗೆ ಬಂದು ಹಲಗೆ ಜೋಡಿಸುವ ಕೆಲಸ ಮಾಡಿಕೊಂಡಿರಲಿ ಎಂದರು.

"ಬತ್ತೀನಿ ಸಾ," ಎಂದಳು ಗಂಗಾಂಬಿಕೆ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು. "ಆದ್ರೆ ಅಲಗೆ ಜೋಡ್ಸಕ್ಕಲ್ಲ. ಮರದೊಳಗೆ ಕಬ್ಬುಣ ಐತಾ ಇಲ್ವಾ ಅಂತ ನೋಡೋ ಕೆಲ್ಸ ಕೊಡಿ, ನಾಳೆನೇ ಬತ್ತೀನಿ."

"ಅಂಥ ಕೆಲ್ಸ ನಮ್ಮಲ್ಲಿ ಇಲ್ವಲ್ಲಮ್ಮ."

"ಇಲ್ದಿದ್ದಕ್ಕೇ ಇವ್ರು ಇಂಗೆ ಕುಂತವ್ರೆ."

ಮೂಲೆಯಲ್ಲಿ ಕೂತಿದ್ದ ದೊಡ್ಡಯ್ಯ ತಲೆ ಎತ್ತಲಿಲ್ಲ. ಪಾಲಾಕ್ಷಪ್ಪ ಹಣ್ಣಿನ ಚೀಲವನ್ನು ಕೆಳಗಿಟ್ಟು ಅವನ ಬಲಗೈ ನೋಡಿದರು. ಆಮೇಲೆ, "ಬಾ," ಎಂದರು.

ಮೊದಲೆರಡು ವರ್ಷ ಅವಳ ಹತ್ತಿರ ಇದ್ದದ್ದು ಒಂದು ಸುತ್ತಿಗೆ, ಒಂದು ಮಚ್ಚು, ಎರಡು ಕಣ್ಣು. ತೊಗಟೆಯ ಮೇಲೆ ಗಂಟುಗಟ್ಟಿದ ಜಾಗ, ತೊಗಟೆ ಬಿಡಿಸಿದರೆ ಕಾಣುವ ನೀಲಿ ಕಲೆ, ತಟ್ಟಿದರೆ ಬೇರೆ ಥರ ಕೇಳುವ ಸದ್ದು, ಇವೇ ಅವಳ ಗುರುತುಗಳು. ಆಳುಗಳು ನಗುತ್ತಿದ್ದರು. 'ಮರದ ಡಾಕ್ಟ್ರಮ್ಮ' ಎಂದು ಹೆಸರಿಟ್ಟಿದ್ದರು. ಅವಳು ತೆಗೆದ ಮೊದಲ ಮೊಳೆಯನ್ನು ನೋಡಿದ ದಿನ ನಗು ಅರ್ಧಕ್ಕರ್ಧ ಕಡಿಮೆಯಾಯಿತು.

ಆಮೇಲೆ ಬಂತು ಯಂತ್ರ. ಎಲ್ಲೋ ಮುಚ್ಚಿಹೋದ ಪ್ಲೈವುಡ್ ಕಾರ್ಖಾನೆಯ ಹರಾಜಿನಲ್ಲಿ ಪಾಲಾಕ್ಷಪ್ಪ ಅದನ್ನು ಹಿಡಿದು ತಂದಿದ್ದರು. ಆಗಲೇ ಅದಕ್ಕೆ ಇಪ್ಪತ್ತೈದು ವರ್ಷ ವಯಸ್ಸಾಗಿತ್ತು, ಪರದೇಶದ ಮಾಲು. ಉದ್ದ ಹಿಡಿ, ತುದಿಯಲ್ಲಿ ರೊಟ್ಟಿ ಹೆಂಚಿನಷ್ಟು ಅಗಲದ ತಟ್ಟೆ, ಮಧ್ಯೆ ಮುಳ್ಳು ಆಡುವ ಒಂದು ಡಬ್ಬಿ, ಕಿವಿಗೆ ಹಾಕಿಕೊಳ್ಳಲು ದಪ್ಪನೆಯ ಇಯರ್‌ಫೋನು. ಗುಂಡಿ ಒತ್ತಿದರೆ ಜೀರುಂಡೆಯ ಹಾಗೆ ಒಂದೇ ಸಮ ಗುಂಯ್ ಎನ್ನುತ್ತಿತ್ತು. ಕಬ್ಬಿಣದ ಹತ್ತಿರ ಹೋದರೆ ದನಿ ಏರುತ್ತಿತ್ತು. ಅಷ್ಟೇ ಆಗಿದ್ದರೆ ಯಾರು ಬೇಕಾದರೂ ಕಲಿಯಬಹುದಿತ್ತು. ಹಸಿ ಮರಕ್ಕೂ ಅದರ ದನಿ ಏರುತ್ತಿತ್ತು, ಮಣ್ಣು ಮೆತ್ತಿದ್ದರೂ ಏರುತ್ತಿತ್ತು, ಬಿಸಿಲು ಜಾಸ್ತಿಯಾದರೂ ಏರುತ್ತಿತ್ತು. ಯಾವ ಏರು ಸುಳ್ಳು, ಯಾವುದು ನಿಜ ಎಂದು ತಿಳಿಯಲು ಅವಳಿಗೆ ಒಂದು ವರ್ಷ ಹಿಡಿಯಿತು. ಆಮೇಲೆ ತಂತಿ ಯಾವುದು, ಮೊಳೆ ಯಾವುದು, ಲಾಳ ಯಾವುದು ಎಂದು ಕಿವಿಯಲ್ಲೇ ಹೇಳುತ್ತಿದ್ದಳು. ಅಂದಿನಿಂದ ಇಂದಿನವರೆಗೆ ಆ ಮಿಲ್ಲಿನಲ್ಲಿ ಬ್ಲೇಡು ಮುರಿದು ಒಬ್ಬ ಆಳಿನ ಮೈಗೂ ಗಾಯವಾಗಿಲ್ಲ.

ಈ ವರ್ಷದ ಶ್ರಾವಣದಲ್ಲಿ ಯಂತ್ರ ಮಾತು ನಿಲ್ಲಿಸಿತು.

ಆರು ತಿಂಗಳಿಂದಲೇ ಅದು ಸರಿಯಿರಲಿಲ್ಲ. ಮಧ್ಯೆ ಮಧ್ಯೆ ಉಸಿರು ಕಟ್ಟಿದಂತೆ ನಿಂತು, ಡಬ್ಬಿಯ ಮೇಲೆ ಒಂದು ಏಟು ಕೊಟ್ಟರೆ ಮತ್ತೆ ಶುರುವಾಗುತ್ತಿತ್ತು. ಒಂದು ಸೋಮವಾರ ಲಾರಿಯಿಂದ ಇಳಿಸುತ್ತಿದ್ದ ದಿಮ್ಮಿ ಜಾರಿ ಉರುಳಿ ಬಂದು ತಟ್ಟೆಯ ಮೇಲೆ ಕೂತಿತು. ಗಂಗಾಂಬಿಕೆ ಸರಿದು ನಿಂತಳು, ಯಂತ್ರಕ್ಕೆ ಸರಿಯಲು ಆಗಲಿಲ್ಲ. ಫೈಬರಿನ ತಟ್ಟೆ ನಾಲ್ಕು ಹೋಳಾಯಿತು. ಗುಂಡಿ ಒತ್ತಿದರೆ ಗುಂಯ್ ಇಲ್ಲ, ಏನೂ ಇಲ್ಲ.

ಅದೇ ವಾರ ರಸ್ತೆ ಅಗಲ ಮಾಡಲು ಕಡಿದ ಹದಿನಾಲ್ಕು ಸಾಲುಮರಗಳು ಮಿಲ್ಲಿನ ಅಂಗಳಕ್ಕೆ ಬಂದು ಬಿದ್ದಿದ್ದವು. ಶಾಲೆಗಳಿಗೆ ಡೆಸ್ಕು ಮಾಡಿಕೊಡುವ ಕಂತ್ರಾಟು. ತಾರೀಕು ಗೊತ್ತಾಗಿತ್ತು. ಪಾಲಾಕ್ಷಪ್ಪ ಈಗ ಮಂಡಿನೋವಿನಿಂದ ಮನೆ ಬಿಟ್ಟು ಹೊರಗೆ ಬರುವುದಿಲ್ಲ, ಮಿಲ್ಲು ನೋಡಿಕೊಳ್ಳುವವನು ಮಗ ರುದ್ರೇಶ. ಅವನು ಚಡ್ಡಿ ಹಾಕಿಕೊಂಡು ಹೊಟ್ಟಿನ ರಾಶಿಯಲ್ಲಿ ಉರುಳಾಡುತ್ತಿದ್ದಾಗಿನಿಂದ ಗಂಗಾಂಬಿಕೆ ಕಂಡವಳು.

"ಗಂಗಕ್ಕ, ಆ ಮಿಶನ್ನಿಗೆ ವಯಸ್ಸಾಯ್ತು. ಬಿಡಿ ಅದನ್ನ," ಎಂದ ರುದ್ರೇಶ. "ಈಗಿನ ಬ್ಲೇಡೇ ಬೇರೆ. ಮುಂದುಗಡೆ ಗಾರ್ಡ್ ಬೇರೆ ಹಾಕ್ಸಿದ್ದೀನಿ."

"ಗಾರ್ಡು ಮೊಳೆ ತೋರುಸ್ತದಾ?"

ಅದಕ್ಕೆ ಅವನು ಬಸ್ ನಿಲ್ದಾಣದಲ್ಲೋ ಮದುವೆ ಛತ್ರದಲ್ಲೋ ಕಾವಲಿನವರು ಹಿಡಿದುಕೊಳ್ಳುವಂಥ ಒಂದು ಕೋಲು ತರಿಸಿಕೊಟ್ಟ. ಗಂಗಾಂಬಿಕೆ ಒಂದು ದಪ್ಪ ಹಲಗೆಯ ಹಿಂದೆ ಮೂರಂಗುಲದ ಮೊಳೆ ಇಟ್ಟು ಎದುರಿನಿಂದ ಕೋಲು ಆಡಿಸಿದಳು. ಸದ್ದಿಲ್ಲ. ತೆಳು ಹಲಗೆ ಇಟ್ಟಳು, ಆಗ ಮಾತ್ರ ಕೀಂಕ್ ಎಂದಿತು.

"ಜೇಬಿನ ಚಾಕು ಹುಡುಕಕ್ಕೆ ಸರಿ ಇದು. ನಮ್ಮ ಮರ ಜೇಬಲ್ಲಿ ಇಟ್ಕಂಡಿರಲ್ಲ, ಒಟ್ಟೇಲಿ ಇಟ್ಕಂಡಿರ್ತದೆ."

ಆಳುಗಳು ಹಲ್ಲು ಬಿಟ್ಟರು. ರುದ್ರೇಶನಿಗೆ ಮುಖ ಕೆಂಪಾಯಿತು. "ಆಯ್ತು, ನೀವು ಮನೇಲಿ ಒಂದು ವಾರ ಇರಿ. ನಾವು ನೋಡ್ಕೋತೀವಿ," ಎಂದು ಮೊದಲ ದಿಮ್ಮಿಯನ್ನು ಗಾಡಿಗೆ ಏರಿಸಲು ಹೇಳಿದ. ದಿಮ್ಮಿಯನ್ನು ಗರಗಸದ ಕಡೆ ತಳ್ಳಿಕೊಂಡು ಹೋಗುವ ಗಾಡಿ ಅದು, ಕಂಬಿಯ ಮೇಲೆ ಓಡುತ್ತದೆ.

ಗಂಗಾಂಬಿಕೆ ಹೋಗಿ ಆ ಎರಡು ಕಂಬಿಗಳ ನಡುವೆ ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಅದೆಂಗೆ ಕೊಯ್ತೀಯೋ ಕೊಯ್ಯಪ್ಪ, ನಾನೂ ನೋಡ್ತೀನಿ."

ಈಗಿನ ಗರಗಸದ ಮೇಸ್ತ್ರಿ ಶಶಿಕಿರಣ್, ಮೂವತ್ತೆರಡರವನು, ಮನೆಯಲ್ಲಿ ಎರಡು ತಿಂಗಳ ಕೂಸು. ಅವನು ಸ್ವಿಚ್ಚಿನ ಮೇಲೆ ಕೈಯಿಟ್ಟವನು ರುದ್ರೇಶನನ್ನೂ ನೋಡಿದ, ಗಂಗಕ್ಕನನ್ನೂ ನೋಡಿದ. ಕೈ ತೆಗೆದು ಜೇಬಿಗೆ ಹಾಕಿಕೊಂಡ.

ಕೊನೆಗೆ ರುದ್ರೇಶನೇ ಸೋತು ಒಂದು ಮಾತಿಗೆ ಬಂದ. ಎಂಟು ದಿನ. ಅಲ್ಲಿಯವರೆಗೆ ತೋಟದ ಸಿಲ್ವರ್ ಓಕ್ ಕೊಯ್ಯುವುದು, ಅದನ್ನೂ ಗಂಗಕ್ಕನ ಸುತ್ತಿಗೆ ತಟ್ಟಿ ನೋಡಿದ ಮೇಲೆ. ಎಂಟು ದಿನದಲ್ಲಿ ಯಂತ್ರ ಮಾತಾಡದಿದ್ದರೆ ಸಾಲುಮರ ಗಾಡಿಗೇರುತ್ತದೆ, ಆಗ ಯಾರೂ ಅಡ್ಡ ಬರಬಾರದು.

"ಎಂಟೇ ದಿನ ಅಂದ್ಯಲ್ಲ, ಸಾಕು," ಎಂದಳು. ಒಳಗೆ ಅವಳಿಗೇ ಗೊತ್ತಿರಲಿಲ್ಲ, ಐವತ್ತು ವರ್ಷದ ಹಿಂದಿನ ಯಂತ್ರಕ್ಕೆ ಬಿಡಿಭಾಗ ಯಾವ ಲೋಕದಲ್ಲಿ ಸಿಗುತ್ತದೋ.

ಮಾರನೆಯ ದಿನ ಬೆಳಿಗ್ಗೆ ಅಂಗಳದ ಎಲ್ಲ ಸಿಲ್ವರ್ ಓಕನ್ನೂ ತಟ್ಟಿ ಗೀಟು ಎಳೆದು, ಒಡೆದ ತಟ್ಟೆಯನ್ನು ಹಳೇ ಪಂಚೆಯಲ್ಲಿ ಕಟ್ಟಿ, ಉದ್ದ ಹಿಡಿಯನ್ನು ಹೆಗಲಿಗಿಟ್ಟು ಹಾಸನದ ಬಸ್ಸು ಹತ್ತಿದಳು. ಕಂಡಕ್ಟರು ಬಿಟ್ಟಿ ಟಿಕೆಟ್ಟು ಹರಿದುಕೊಟ್ಟು, ಹೆಗಲ ಮೇಲಿನದನ್ನು ಅನುಮಾನದಿಂದ ನೋಡಿದ.

"ಏನಮ್ಮ ಅದು, ಬಂದೂಕಾ?"

"ಬಂದೂಕಾಗಿದ್ರೆ ಮಿಲ್ಲಿಗೆ ತಗಂಡೋಗ್ತಿದ್ದೆ," ಎಂದಳು. ಅಕ್ಕಪಕ್ಕದವರು ನಕ್ಕರು.

ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದಳು. ಒಬ್ಬ ಅದರ ಫೋಟೋ ತೆಗೆದುಕೊಂಡ. ಒಬ್ಬ, "ಮ್ಯೂಸಿಯಮ್ಮಿಗೆ ಕೊಡಿ, ನಿಮ್ಮ ಹೆಸರು ಬರೆಸ್ತಾರೆ," ಎಂದ. ಇನ್ನೊಬ್ಬ ಮೊಬೈಲಿನಲ್ಲಿ ಹುಡುಕಿ, ಆ ಕಂಪನಿಯೇ ಈಗ ಇಲ್ಲ ಎಂದು ತೀರ್ಪು ಕೊಟ್ಟ. ನಾಲ್ಕನೆಯ ಅಂಗಡಿಯ ಹಿಂಭಾಗದಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿ ಬೆಸುಗೆ ಹಾಕುತ್ತಿದ್ದ ಮುದುಕರೊಬ್ಬರು ಮಾತ್ರ ಡಬ್ಬಿಯನ್ನು ಕೈಗೆ ತೆಗೆದುಕೊಂಡು, ತಿರುಪು ಬಿಚ್ಚಿ ಒಳಗೆ ಇಣುಕಿದರು.

"ಇದರೊಳಗಿರೋ ಟ್ರಾನ್ಸಿಸ್ಟರ್ ಈಗ ಯಾರೂ ಮಾಡಲ್ಲಮ್ಮ. ನನ್ನ ಹತ್ರ ಇಲ್ಲ. ಇದ್ರೆ ಒಬ್ರ ಹತ್ರ ಇರ್ಬೇಕು. ಚನ್ನರಾಯಪಟ್ಟಣದಲ್ಲಿ ವೇದವತಿ ಮೇಡಂ ಅಂತ, ಕಾಲೇಜಿನ ಫಿಸಿಕ್ಸ್ ಲ್ಯಾಬಲ್ಲಿದ್ರು. ಏನನ್ನೂ ಬಿಸಾಕದ ಹೆಂಗಸು."

ಅವರು ಚೀಟಿಯಲ್ಲಿ ಬರೆದುಕೊಟ್ಟ ವಿಳಾಸವನ್ನು ಕುಪ್ಪಸಕ್ಕೆ ಸೇರಿಸಿ ಹೊರಗೆ ಬಂದರೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯವನೊಬ್ಬ ಅವಳ ಹಿಂದೆಯೇ ಬಂದ. ಅಂಗಡಿಯಲ್ಲಿ ಅವಳು ಮಾತಾಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದ.

"ಅಮ್ಮಾ, ಸುಮ್ನೆ ಯಾಕೆ ಅಲೀತೀರಾ? ಕೆಟ್ಟಿದ್ರೂ ಪರ್ವಾಗಿಲ್ಲ, ಅದನ್ನ ನಮಗೆ ಕೊಟ್ಬಿಡಿ. ಹಳೇ ಮಾಲು ಆಳಕ್ಕೆ ಹಿಡಿಯುತ್ತೆ ಅಂತಾರೆ. ರಿಪೇರಿ ನಾವು ಮಾಡಿಸ್ಕೋತೀವಿ. ಬದಲಿಗೆ ನಿಮಗೆ ಒಳ್ಳೇ ಹೊಸ ಮಿಶನ್ನು ತರಿಸಿ ಕೊಡ್ತೀನಿ, ಈ ವಾರದಲ್ಲೇ."

ಈ ವಾರದಲ್ಲೇ. ಗಂಗಾಂಬಿಕೆಯ ಕಾಲು ತಾನಾಗಿ ನಿಂತಿತು. ಹೊಸ ಯಂತ್ರ ಬಂದರೆ ಬ್ಲೇಡು ಉಳಿಯಿತು, ಶಶಿಕಿರಣನ ಕಣ್ಣು ಉಳಿಯಿತು, ಅವಳ ಮಾತೂ ಉಳಿಯಿತು.

"ನಿಮಗ್ಯಾಕೆ ಇದು? ನಿಮ್ದೂ ಸಾಮಿಲ್ಲಾ?"

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಒಂದು ಹಳೇ ಗುಡಿ ಇದೆ. ಪಾಳು ಬಿದ್ದಿದೆ, ಯಾರೂ ಬರಲ್ಲ. ಅದರ ಸುತ್ತ ಒಂದು ರೌಂಡ್ ಹಾಕ್ಬೇಕು, ಅಷ್ಟೇ. ನೀವೇ ಬಂದು ಕೇಳಿಸ್ಕೊಂಡು ಹೇಳಿದ್ರೆ ಇನ್ನೂ ಒಳ್ಳೇದು. ನಿಮ್ಮ ಕಿವಿ ಚೆನ್ನಾಗಿದೆ ಅಂದ್ರಲ್ಲ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಬಾಯಿ ತೆರೆದಳು, ಗರಗಸದ ಸದ್ದಿನ ಮೇಲೆ ಕೂಗಿ ರೂಢಿಯಾದ ಬಾಯಿ.

"ಏನಂದೆ? ಇನ್ನೊಂದ್ಸಲ ಏಳು, ಎಲ್ರಿಗೂ ಕೇಳ್ಲಿ! ನಿಧಿಗೆ ಗುಡಿ ಬುಡ ಅಗೀಬೇಕಾ ನಿಂಗೆ? ಈ ಮಿಶನ್ನು ಇಪ್ಪತ್ತೈದು ವರ್ಷದಿಂದ ಜನರ ಕಣ್ಣು ಕೈ ಉಳ್ಸೈತೆ ಕಣಯ್ಯ. ಕಳ್ತನಕ್ಕೆ ದಾರಿ ತೋರ್ಸಕ್ಕೆ ಇಡ್ಕಂಡು ತಿರುಗ್ತಿಲ್ಲ ನಾನು. ನಿನ್ನ ಹೆಸ್ರೇನು? ಯಾವೂರು?"

ಎಳನೀರು ಕೊಚ್ಚುತ್ತಿದ್ದವನು ಕೈ ನಿಲ್ಲಿಸಿದ. ಆಟೋದವರು ತಿರುಗಿ ನೋಡಿದರು. ಬಿಳಿ ಅಂಗಿಯವನು ಫೋನು ಕಿವಿಗಿಟ್ಟುಕೊಂಡು, ಯಾರೋ ಕರೆದವರ ಹಾಗೆ ಗಡಬಡಿಸಿ ರಸ್ತೆ ದಾಟಿದ. ಎಳನೀರಿನವನು ಒಂದು ಕೆತ್ತಿ ಕೈಗೆ ಕೊಟ್ಟು, "ಕುಡೀರಿ ಅಕ್ಕ," ಎಂದ. ಹಾದಿಯುದ್ದಕ್ಕೂ ಅವಳಿಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಒಂದು ಗಳಿಗೆ ನಿಂತ ತನ್ನ ಕಾಲಿನ ಮೇಲೆ.

ಗುರುವಾರ ಚನ್ನರಾಯಪಟ್ಟಣ. ವೇದವತಿ ಎಪ್ಪತ್ತು ದಾಟಿದ, ಗಿಡ್ಡಗೆ ತೆಳ್ಳಗೆ ಇರುವ ಹೆಂಗಸು. ಅವರ ಮನೆಯ ಪಡಸಾಲೆಯಲ್ಲಿ ಕೂರಲು ಎರಡೇ ಕುರ್ಚಿ, ಉಳಿದ ಜಾಗವೆಲ್ಲ ಡಬ್ಬಿಗಳು. ಕಾಲೇಜು ಬೇಡವೆಂದದ್ದನ್ನೆಲ್ಲ ಅವರು ರಸೀದಿ ಬರೆದುಕೊಟ್ಟು ತಂದುಕೊಂಡಿದ್ದರು.

"ಇವನ್ನೆಲ್ಲ ಗುಜರಿಗೆ ಹಾಕಿ ಅಂತ ಮನೆಯವರೆಲ್ಲ ಹೇಳಿ ಹೇಳಿ ಸುಸ್ತಾದ್ರು," ಎಂದರು ವೇದವತಿ, ಅದು ತಮ್ಮ ಗೆಲುವೆಂಬಂತೆ. ಡಬ್ಬಿ ಬಿಚ್ಚಿ, ಮೀಟರಿನ ಎರಡು ಮುಳ್ಳುಗಳನ್ನು ಅಲ್ಲಿ ಇಲ್ಲಿ ತಾಗಿಸಿ ಅರ್ಧ ಗಂಟೆ ನೋಡಿದರು. "ಎರಡು ರೋಗ ಇದೆ ನೋಡು ಇದಕ್ಕೆ. ದನಿ ಹುಟ್ಟಿಸೋ ಟ್ರಾನ್ಸಿಸ್ಟರ್ ಸತ್ತಿದೆ. ತಟ್ಟೆಯೊಳಗಿನ ತಂತಿಸುರುಳಿ ತುಂಡಾಗಿದೆ. ಮೊದಲನೇದಕ್ಕೆ ನಾನಿದ್ದೀನಿ."

ಬಿಸ್ಕತ್ತಿನ ಹಳೇ ಡಬ್ಬಿಯೊಂದರಿಂದ ಮೂರು ಟ್ರಾನ್ಸಿಸ್ಟರ್ ಹೊರಗೆ ತೆಗೆದರು. ಮೂರು ಕಾಲಿನ ಸಣ್ಣ ಬೆಳ್ಳಿ ಟೋಪಿಗಳ ಹಾಗಿದ್ದವು. ಮೊದಲನೆಯದಕ್ಕೆ ಮೀಟರು ತಾಗಿಸಿ ಪಕ್ಕಕ್ಕಿಟ್ಟರು. ಎರಡನೆಯದನ್ನೂ ಪಕ್ಕಕ್ಕಿಟ್ಟರು. ಮೂರನೆಯದನ್ನು ಹಿಡಿದಾಗ ಗಂಗಾಂಬಿಕೆ ಕುರ್ಚಿಯಿಂದ ಮುಂದಕ್ಕೆ ಬಾಗಿದಳು.

"ಇದಕ್ಕೆ ಜೀವ ಇದೆ. ಇದು ಹೋದ್ರೆ ಇನ್ನಿಲ್ಲಮ್ಮ, ತಿಳೀತಾ?"

"ತಿಳೀತು ಮೇಡಂ."

ಬೆಸುಗೆ ಹಾಕುತ್ತಲೇ ವೇದವತಿ ಕೇಳಿದರು. "ಎಷ್ಟು ಓದಿದ್ದೀಯ?"

"ಏಳ್ನೇ ಕ್ಲಾಸು."

"ಎರಡು ದನಿ ಬೆರೆತು ಮೂರನೇ ದನಿ ಹುಟ್ಟೋದನ್ನ ನಾನು ಮೂವತ್ತು ವರ್ಷ ಲ್ಯಾಬಲ್ಲಿ ತೋರಿಸ್ದೆ. ಅರ್ಧ ಹುಡುಗರಿಗೆ ಕೇಳಿಸ್ತಾನೇ ಇರ್ಲಿಲ್ಲ. ನೀನು ಅದರಲ್ಲಿ ಲಾಳ ಬೇರೆ, ಮೊಳೆ ಬೇರೆ ಅಂತೀಯ." ತಲೆ ಎತ್ತಿ ಅವಳನ್ನು ಒಮ್ಮೆ ನೋಡಿದರು. "ಸುರುಳಿ ಮಾತ್ರ ನನ್ನ ಕೈಲಾಗಲ್ಲ. ಮೋಟರು ಸುತ್ತೋರ ಹತ್ರ ಹೋಗು. ಹಳೇ ತಂತಿ ಬಿಚ್ಚಿ ಎಷ್ಟು ಸುತ್ತಿದೆ ಅಂತ ಎಣಿಸ್ಕೋ. ಒಂದು ಸುತ್ತು ಹೆಚ್ಚುಕಡಿಮೆ ಆದ್ರೂ ಶ್ರುತಿ ಕೂರಲ್ಲ."

ಶನಿವಾರ ಹಗಲೆಲ್ಲ ಹಳ್ಳಿಮೈಸೂರಿನ ಮನೆಯ ಜಗಲಿಯಲ್ಲಿ ಗಂಡಹೆಂಡಿರಿಗೆ ಅದೇ ಕೆಲಸ. ಒಡೆದ ತಟ್ಟೆಯ ಒಳಗಿಂದ ತಲೆಕೂದಲಿಗಿಂತ ತುಸು ದಪ್ಪದ ತಂತಿಯನ್ನು ಗಂಗಾಂಬಿಕೆ ಸುತ್ತುಸುತ್ತಾಗಿ ಬಿಚ್ಚುತ್ತಿದ್ದಳು. ದೊಡ್ಡಯ್ಯ ಒಂದೊಂದು ಸುತ್ತಿಗೆ ಒಂದೊಂದು ಹುಣಿಸೆ ಬೀಜ ಎಡಗೈಯಿಂದ ಆಚೆ ಇಡುತ್ತಿದ್ದ. ಮಧ್ಯೆ ಮಗಳು ಮಾನ್ಯ ಅರಸೀಕೆರೆಯಿಂದ ಫೋನು ಮಾಡಿ, "ಅಮ್ಮ, ಸಾಕು ಬಿಡು. ಅವರ ಮಿಲ್ಲು, ಅವರ ಮರ. ನೀನ್ಯಾಕೆ ಊರೂರು ತಿರುಗ್ತೀಯ?" ಎಂದಳು.

ಗಂಗಾಂಬಿಕೆ ಉತ್ತರ ಕೊಡುವ ಮೊದಲೇ ದೊಡ್ಡಯ್ಯ ಫೋನಿನ ಕಡೆ ಬಾಗಿದ. "ಕಣ್ಣು ಅವರ್ದಲ್ವಲ್ಲವ್ವ," ಎಂದ.

ಎಂಬತ್ತಾರು ಬೀಜ. ಎರಡು ಸಲ ಎಣಿಸಿದರು. ತಟ್ಟೆಗೆ ಬದಲಿ ಎಲ್ಲೂ ಸಿಗುವುದಿಲ್ಲವೆಂದು ಗೊತ್ತಾದ ಮೇಲೆ ಶಶಿಕಿರಣ್ ಯಾರಿಗೂ ಹೇಳದೆ ಊಟದ ಬಿಡುವಿನಲ್ಲಿ ಹಳೆಯ ಅಳತೆಗೆ ಸರಿಯಾಗಿ ಒಣಗಿದ ಹಲಸಿನ ಹಲಗೆಯಲ್ಲಿ ಗುಂಡನೆಯ ಬಿಲ್ಲೆ ಕೊಯ್ದು, ಅಂಚಿಗೆ ತಂತಿ ಕೂರಲು ಕಾಲುವೆ ತೆಗೆದು, ನುಣ್ಣಗೆ ಉಜ್ಜಿ ಕೊಟ್ಟ. ಅದರಲ್ಲಿ ಒಂದೂ ಮೊಳೆ ಹೊಡೆದಿರಲಿಲ್ಲ, ಎಲ್ಲ ಗೋಂದಿನಲ್ಲೇ ಕೂರಿಸಿದ್ದ.

ಸೋಮವಾರ, ಏಳನೆಯ ದಿನ, ಅರಕಲಗೂಡಿಗೆ ಹೋದಳು. ಪಂಪ್‌ಸೆಟ್ಟು ಮೋಟರು ಸುತ್ತುವ ಮೋಹನ್‌ಕುಮಾರನ ಅಂಗಡಿಯ ಮುಂದೆ ಸುಟ್ಟ ಮೋಟರುಗಳು ಸಾಲಾಗಿ ಕೂತಿದ್ದವು.

"ಎರಡು ವಾರ ಬಿಟ್ಟು ಬನ್ನಿ ಅಕ್ಕ. ನೋಡಿ, ಎಷ್ಟು ಬಿದ್ದಿದೆ."

"ನಾಳೆಗೆ ಬೇಕು."

"ಆಗಲ್ಲ."

"ಸರಿ." ಗಂಗಾಂಬಿಕೆ ಹಲಸಿನ ಬಿಲ್ಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತಳು.

"ಕೂತ್ರೂ ಆಗಲ್ಲ ಅಕ್ಕ."

"ಬುತ್ತಿ ತಂದೀವ್ನಿ. ನೀವು ನಿಮ್ಮ ಕೆಲ್ಸ ಮಾಡ್ಕಳಿ. ಆದ್ರೆ ನಾನು ಇದನ್ನ ಸುತ್ತುಸ್ಕಳ್ದೆ ಎದ್ದೋಗಲ್ಲ."

ಮೋಟರು ತೆಗೆದುಕೊಂಡು ಹೋಗಲು ಬಂದವರೆಲ್ಲ ಅವಳನ್ನು ದಾಟಿಕೊಂಡು ಒಳಗೆ ಹೋಗಬೇಕಾಯಿತು. ಹೋದವರೆಲ್ಲ ಏನು ವಿಷಯ ಎಂದು ಕೇಳಿದರು. ಅವಳು ಎಲ್ಲರಿಗೂ ಹೇಳಿದಳು, ಗಂಡನ ಕಣ್ಣಿನಿಂದ ಹಿಡಿದು ಹದಿನಾಲ್ಕು ಸಾಲುಮರದವರೆಗೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ರೈತ, "ಮೊದ್ಲು ಆಯಮ್ಮಂದು ಮಾಡ್ಕೊಟ್ಬುಡು ಮಾರಾಯ, ನಂದು ಸಾಯಂಕಾಲ ಆದ್ರೂ ಆಯ್ತು," ಎಂದು ತನ್ನ ಸರದಿ ಬಿಟ್ಟುಕೊಟ್ಟ.

ಮೋಹನ್‌ಕುಮಾರ್ ಬಿಲ್ಲೆ ಕೈಗೆ ತೆಗೆದುಕೊಂಡ, ಹಳೇ ತಂತಿಯ ತುಂಡನ್ನು ಬೆರಳಲ್ಲಿ ಉಜ್ಜಿದ. ಮೋಟರಿನ ತಂತಿ ದಪ್ಪ, ಇದಕ್ಕೆ ನಡೆಯದು. ಗೋಡೆಯ ಮೇಲಿನ ಹಲಗೆಯೆಲ್ಲ ತಡಕಿ, ಕೊನೆಗೆ ಸ್ಟಾರ್ಟರಿನ ಕಾಯಿಲು ಸುತ್ತಲು ಇಟ್ಟಿದ್ದ ಸಣ್ಣ ತಂತಿಯ ಉಂಡೆ ತೆಗೆದ. ಎರಡನ್ನೂ ಬೆಳಕಿಗೆ ಹಿಡಿದು ಅಕ್ಕಪಕ್ಕ ನೋಡಿದ. "ಇದೇ ಇದೇ," ಎಂದ, ಅವನಿಗೇ ಆಶ್ಚರ್ಯವಾದಂತೆ.

ಅವನು ಸುತ್ತುತ್ತಾ ಹೋದ, ಅವಳು ಬಾಯಲ್ಲಿ ಎಣಿಸುತ್ತಾ ಹೋದಳು. ಎಪ್ಪತ್ತೊಂದಕ್ಕೆ ಬಂದಾಗ ಯಾರೋ ಬಂದು ಕೂಗಿದರು. ಅವನು ಮಾತಾಡಿ ತಿರುಗಿ, "ಎಷ್ಟಾಗಿತ್ತು, ಎಪ್ಪತ್ನಾಲ್ಕಲ್ವಾ?" ಎಂದ.

"ಎಪ್ಪತ್ತೊಂದು."

"ನಂಗೆ ಎಪ್ಪತ್ನಾಲ್ಕು ಅನ್ನಿಸ್ತದೆ."

"ನಿಮಗನ್ನಿಸ್ತದೆ. ನಂಗೆ ಗೊತ್ತು."

ಅವನು ನಕ್ಕು ಎಪ್ಪತ್ತೆರಡನೆಯ ಸುತ್ತು ಹಾಕಿದ. ಎಂಬತ್ತಾರಕ್ಕೆ ತುದಿ ಕತ್ತರಿಸಿ, ವಾರ್ನಿಶು ಬಳಿದು ಬಿಸಿಲಿಗಿಟ್ಟು ಕೊಟ್ಟ.

ಎಂಟನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಚನ್ನರಾಯಪಟ್ಟಣ. ವೇದವತಿ ಸುರುಳಿಯನ್ನು ಜೋಡಿಸಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಗುಂಡಿ ಒತ್ತಿದರು. ಏನೂ ಇಲ್ಲ. ಅವರು ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಏನೂ ಇಲ್ಲ. ಇನ್ನೊಂದಿಷ್ಟು ತಿರುಗಿಸಿದರು. ಎಲ್ಲೋ ದೂರದಿಂದ ಬಂದಂತೆ ಸಣ್ಣಗೆ ಶುರುವಾದ ದನಿ ಹತ್ತಿರ ಬಂದು ಗುಂಯ್ ಎಂದು ನಿಂತಿತು. ಗಂಗಾಂಬಿಕೆ ಇಯರ್‌ಫೋನನ್ನು ಎರಡು ಕೈಯಲ್ಲೂ ಒತ್ತಿ ಹಿಡಿದುಕೊಂಡಳು. ಹಳೆಯ ದನಿಯಲ್ಲ ಅದು, ಸ್ವಲ್ಪ ಒರಟು, ಸ್ವಲ್ಪ ತಗ್ಗು. ಹೊಸದಾಗಿ ಕಲಿಯಬೇಕು. ವೇದವತಿಯವರ ಬೀರು, ಕುರ್ಚಿ, ಕಿಟಕಿಯ ಸರಳು, ಎಲ್ಲದರ ಮೇಲೂ ತಟ್ಟೆ ಆಡಿಸಿ ಆಡಿಸಿ ಕೇಳಿದಳು. ಒಂದು ಗಂಟೆ ಕಳೆಯಿತು. ಆಮೇಲೆ ಏನು ಕೊಡಲಿ ಮೇಡಂ ಎಂದಾಗ, "ಮನೆಯವರಿಗೆ ಹೇಳ್ತೀನಿ, ಗುಜರಿ ಅಂದ್ರಲ್ಲ, ನೋಡಿ ಅಂತ. ಅಷ್ಟು ಸಾಕು," ಎಂದರು ವೇದವತಿ.

ಅವಳು ಹೊಳೆನರಸೀಪುರದಲ್ಲಿ ಇಳಿದು ಮಿಲ್ಲಿನ ಗೇಟು ಹೊಕ್ಕಾಗ ಮಧ್ಯಾಹ್ನ ಮೂರೂವರೆ. ಸಾಲುಮಾವಿನ ದೊಡ್ಡ ದಿಮ್ಮಿ ಗಾಡಿಯ ಮೇಲಿತ್ತು. ಗರಗಸ ತಿರುಗುತ್ತಿತ್ತು.

"ಎಂಟು ದಿನ ಆಯ್ತು ಗಂಗಕ್ಕ," ಎಂದ ರುದ್ರೇಶ.

"ಸಂಜೆವರೆಗೂ ಎಂಟ್ನೇ ದಿನಾನೇ," ಎಂದವಳು ಓಡುತ್ತಿದ್ದ ಗರಗಸಕ್ಕೂ ದಿಮ್ಮಿಗೂ ನಡುವೆ ಹೋಗಿ ನಿಂತಳು. ಶಶಿಕಿರಣ್ ಯಾರ ಅಪ್ಪಣೆಗೂ ಕಾಯದೆ ಸ್ವಿಚ್ಚು ಆರಿಸಿದ. ಬ್ಲೇಡು ಸುಯ್ಯೆಂದು ನಿಧಾನವಾಯಿತು. ಅದು ಪೂರ್ತಿ ನಿಲ್ಲುವ ತನಕ ಅವಳು ಕಾದಳು.

ಆಮೇಲೆ ಹಲಸಿನ ತಟ್ಟೆಯನ್ನು ಮರದ ಬುಡದಿಂದ ತುದಿಯ ಕಡೆ ಸರಿಸುತ್ತಾ ಹೋದಳು. ಹಸಿಯ ಏರು. ಮಣ್ಣಿನ ಏರು. ಅರ್ಧ ದಾಟಿದ ಮೇಲೆ ದನಿ ಜಿಗಿಯಿತು. ಹಿಂದೆ ಬಂದಳು, ಮತ್ತೆ ಮುಂದೆ ಹೋದಳು. ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದಳು.

"ಇಲ್ಲಿ. ದೊಡ್ದೈತೆ."

ತೊಗಟೆಯ ಮೇಲೆ ಗಂಟಿಲ್ಲ, ಕಲೆಯಿಲ್ಲ, ಏನೂ ಇಲ್ಲ. ರುದ್ರೇಶ ಬಗ್ಗಿ ನೋಡಿ, "ರಿಪೇರಿ ಸರಿ ಆಗಿಲ್ಲ ಅನ್ಸುತ್ತೆ," ಎಂದ.

"ಉಳಿ ತಗಳಿ."

ಶಶಿಕಿರಣ್ ಕೆತ್ತತೊಡಗಿದ. ಎರಡು ಅಂಗುಲ, ಬರೀ ಮರ. ಮೂರು ಅಂಗುಲ, ಬರೀ ಮರ. ಆಳುಗಳು ಸುತ್ತ ನೆರೆದರು. ನಾಲ್ಕು ಅಂಗುಲಕ್ಕೆ ರುದ್ರೇಶ ಗಡಿಯಾರ ನೋಡಿಕೊಂಡ. ಗಂಗಾಂಬಿಕೆ ಇನ್ನೊಮ್ಮೆ ತಟ್ಟೆ ಆಡಿಸಿ ಕೇಳಿದಳು. ಹೊಸ ದನಿ, ಒಂದು ಗಂಟೆಯ ಪರಿಚಯ. ತಪ್ಪಿದ್ದರೆ?

"ಕೆತ್ತು," ಎಂದಳು.

ಐದನೆಯ ಅಂಗುಲದಲ್ಲಿ ಉಳಿ ಠಣ್ ಎಂದಿತು.

ಬಿಡಿಸಿ ತೆಗೆಯಲು ಅರ್ಧ ಗಂಟೆ ಬೇಕಾಯಿತು. ಹೆಬ್ಬೆರಳು ದಪ್ಪದ ಕಬ್ಬಿಣದ ಕೊಕ್ಕೆ, ಅದಕ್ಕೆ ಸಿಕ್ಕಿಕೊಂಡ ಎರಡು ಕೊಂಡಿ ಸರಪಳಿ. ಯಾವ ಕಾಲದಲ್ಲಿ ಯಾರು ಅದಕ್ಕೆ ಎತ್ತು ಕಟ್ಟುತ್ತಿದ್ದರೋ. ಶಶಿಕಿರಣ್ ಅದನ್ನು ಕೈಯಲ್ಲಿ ತೂಗಿ ನೋಡಿ, ಹೊಟ್ಟಿನ ರಾಶಿಯ ಮೇಲೆ ಹೋಗಿ ಕೂತುಬಿಟ್ಟ.

ರುದ್ರೇಶ ಕೆತ್ತಿದ ಗುಂಡಿಯೊಳಗೆ ಬೆರಳಾಡಿಸಿ, "ಉಳಿದವನ್ನೂ ನೋಡಿ ಗಂಗಕ್ಕ," ಎಂದ.

"ನೋಡ್ತೀನಿ. ಮೊದ್ಲು ನೀನೊಂದು ಮಾತು ಏಳ್ಬೇಕು, ಇವ್ರೆಲ್ಲರ ಮುಂದೆ. ಮಿಶನ್ನು ಕೆಟ್ರೆ ಗರಗಸಾನೂ ನಿಲ್ತದೆ. ಎಂಟು ದಿನ ಅಲ್ಲ, ಎಂಬತ್ತು ದಿನ ಆದ್ರೂ."

"ಅಷ್ಟು ದಿನ ಅಂದ್ರೆ..."

"ಮಾತು ಏಳು."

ರುದ್ರೇಶ ಒಮ್ಮೆ ಅಪ್ಪ ಇರುವ ಮನೆಯ ಕಡೆ ನೋಡಿದ, ಒಮ್ಮೆ ಶಶಿಕಿರಣನ ಕಡೆ ನೋಡಿದ. ತಪ್ಪಾಯಿತು ಎನ್ನಲಿಲ್ಲ, ಅದು ಅವನ ಬಾಯಲ್ಲಿ ಬರುವ ಮಾತಲ್ಲ. "ಮಿಶನ್ನು ಕೆಟ್ರೆ ಗರಗಸ ನಿಲ್ಲುತ್ತೆ," ಎಂದ, ತುಸು ಗಟ್ಟಿಯಾಗಿಯೇ.

ಉಳಿದ ಹದಿಮೂರು ದಿಮ್ಮಿಗಳಿಗೆ ಎರಡು ದಿನ ಹಿಡಿಯಿತು. ಎಂಟರಲ್ಲಿ ಕಬ್ಬಿಣ ಸಿಕ್ಕಿತು, ಬೋರ್ಡಿನ ಮೊಳೆಗಳು, ಬೇಲಿ ತಂತಿ, ಒಂದು ಮುರುಕು ಕುಡುಗೋಲು. ಕೊನೆಯ ದಿಮ್ಮಿಯಲ್ಲಿ ದನಿ ಏರಿತು, ವೃತ್ತ ಎಳೆದಳು, ಆರು ಅಂಗುಲ ಕೆತ್ತಿದರೂ ಏನೂ ಸಿಗಲಿಲ್ಲ. ಒಳ್ಳೆಯ ಮಾವು, ನಡುವೆಯೇ ಗುಂಡಿ ಬಿದ್ದು ಒಂದು ಡೆಸ್ಕಿನಷ್ಟು ಹಲಗೆ ಹಾಳಾಯಿತು.

"ನೋಡಿದ್ರಾ?" ಎಂದ ರುದ್ರೇಶ. "ಇದಕ್ಕೇನಂತೀರಿ?"

"ಇಲ್ದಿದ್ರೆ ಒಳ್ಳೇದೇ ಆಯ್ತಲ್ಲ," ಎಂದಳು ಗಂಗಾಂಬಿಕೆ, ಗುಂಡಿಯ ಪಕ್ಕದಲ್ಲೇ ಗೀಟು ಎಳೆಯುತ್ತಾ. "ಈಗ ಕೊಯ್ಯಿ."